ನಿಮಗಿದು ಗೊತ್ತೇ? ರಿಪೋರ್ಟ್ ನಾರ್ಮಲ್, ಎದೆಯಲ್ಲಿ ಮಾತ್ರ ಡವಡವ

ಇಸಿಜಿ ತೆಗೆಸಾಯಿತು, ಎಕೋ ಆಯಿತು, ರಕ್ತ ಪರೀಕ್ಷೆಯೂ ಮುಗಿಯಿತು. ‘ಏನೂ ಇಲ್ಲ, ಸುಮ್ಮನೆ ಯೋಚನೆ ಮಾಡಬೇಡಿ’ ಎಂದು ಡಾಕ್ಟರು ಹೇಳಿ ಕಳಿಸಿದರು. ಮನೆಗೆ ಬಂದು ಊಟಕ್ಕೆ ಕೂರುವಷ್ಟರಲ್ಲಿ ಕೈ ಮತ್ತೆ ನಾಡಿ ಹಿಡಿದಿರುತ್ತದೆ. ಪಕ್ಕದ ಮನೆಯಲ್ಲಿ ಕಾಯಿಲೆ ಇರುವುದು ನಿಜ. ಸ್ಟೆಂಟ್ ಹಾಕಿದ್ದಾರೆ, ಶುಗರ್ ಇದೆ, ಜೇಬಿನಲ್ಲಿ ಇನ್‌ಹೇಲರ್ ಇದೆ. ಅಲ್ಲಿಯೂ ರಾತ್ರಿ ನಿದ್ದೆ ಕೆಡಿಸುತ್ತಿರುವುದು ಕಾಯಿಲೆಗಿಂತ ಹೆಚ್ಚಾಗಿ ಅದರ ಭಯ. ಈ ಎರಡೂ ಮನೆಗಳಿಗೆ ಒದಗುವ ಮಾತಿನ ಚಿಕಿತ್ಸೆಯೊಂದಿದೆ. ಹೆಸರು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಚಿಕ್ಕದಾಗಿ ಸಿಬಿಟಿ. ಯೋಚಿಸುವ ರೀತಿಯನ್ನೂ ನಡೆದುಕೊಳ್ಳುವ ರೀತಿಯನ್ನೂ ಒಟ್ಟಿಗೆ ತಿದ್ದಿಕೊಳ್ಳಲು ಕಲಿಸುವ ವಿದ್ಯೆ ಅದು. ಅದರ ಸುತ್ತಮುತ್ತಲಿನ ಕೆಲವು ಸಂಗತಿಗಳು ಇಲ್ಲಿವೆ.

ದೇಹದ ಲೆಕ್ಕ

● ನಮ್ಮ ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅಷ್ಟರಲ್ಲಿ ಆಗೊಂದು ಈಗೊಂದು ಬಡಿತ ತಾಳ ತಪ್ಪುವುದು ಆರೋಗ್ಯವಂತರಲ್ಲೂ ಸಾಮಾನ್ಯ. ಕೆಲಸದಲ್ಲಿ ಮುಳುಗಿದವರಿಗೆ ಅದು ಗೊತ್ತೇ ಆಗುವುದಿಲ್ಲ. ರಾತ್ರಿ ಎಡಮಗ್ಗುಲಾಗಿ ಮಲಗಿ ಎದೆಗೇ ಕಿವಿಗೊಟ್ಟವರಿಗೆ ತಪ್ಪಿದ ತಾಳವೆಲ್ಲ ಕೇಳಿಸುತ್ತದೆ.

● ಗಾಬರಿಯಾದಾಗ ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಹೊಟ್ಟೆಯಲ್ಲಿ ತಳಮಳವಾಗುವುದು ಯಾವುದೂ ನಟನೆಯಲ್ಲ, ಅದು ಅಡ್ರಿನಲಿನ್‌ನ ಕೆಲಸ. ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ನೋವು, ಹಸಿವು, ಭಯ, ಸಿಟ್ಟುಗಳು ದೇಹದಲ್ಲಿ ತರುವ ಬದಲಾವಣೆಗಳ ಕುರಿತು 1915ರಲ್ಲೇ ಪುಸ್ತಕ ಬರೆದಿದ್ದರು. ಹುಲಿ ಎದುರಾದಾಗ ಓಡಲು ಇಲ್ಲವೆ ಕಾದಾಡಲು ಬೇಕಾದ ಸಿದ್ಧತೆ ಅದು. ಹುಲಿಯ ಜಾಗದಲ್ಲಿ ಲ್ಯಾಬ್ ರಿಪೋರ್ಟ್ ಇದ್ದರೂ ದೇಹ ಅದೇ ಸಿದ್ಧತೆ ಮಾಡಿಕೊಳ್ಳುತ್ತದೆ.

● ಹೆದರಿದವರು ತಮಗೆ ಗೊತ್ತಿಲ್ಲದೆಯೇ ಬೇಗಬೇಗ ಉಸಿರಾಡುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಆಗ ಬೆರಳ ತುದಿ ಮತ್ತು ತುಟಿಗಳಲ್ಲಿ ಜುಮುಗುಟ್ಟುತ್ತದೆ, ತಲೆ ಹಗುರಾಗಿ ಸುತ್ತುತ್ತದೆ. ‘ಕೈ ಜೋಮು ಹಿಡಿಯಿತು, ಲಕ್ವ ಹೊಡೆಯಿತು’ ಎಂದು ರಾತ್ರೋರಾತ್ರಿ ಆಸ್ಪತ್ರೆಗೆ ಓಡುವವರಲ್ಲಿ ಕೆಲವರ ಕಥೆ ಇಷ್ಟೇ.

● ಶುಗರ್ ಇಳಿದಾಗಲೂ ಕೈ ನಡುಗುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಗಾಬರಿಯಲ್ಲೂ ಅದೇ ಲಕ್ಷಣಗಳು. ಎರಡರ ವ್ಯತ್ಯಾಸ ಹೇಳಬಲ್ಲದ್ದು ಗ್ಲುಕೋಮೀಟರ್ ಒಂದೇ. ಇನ್ಸುಲಿನ್ ತೆಗೆದುಕೊಳ್ಳುವ ಕೆಲವರು ಶುಗರ್ ಇಳಿದೀತೆಂಬ ಹೆದರಿಕೆಗೆ ಅದನ್ನು ಬೇಕೆಂದೇ ಏರಿಸಿಟ್ಟುಕೊಳ್ಳುತ್ತಾರೆ. ಹಾಗೆ ಭಯವೇ ಮಧುಮೇಹವನ್ನು ಕೆಡಿಸುತ್ತದೆ.

● ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಬರುವ ತೊಂದರೆಯೂ ಥೇಟ್ ಆತಂಕದಂತೆಯೇ ಕಾಣಿಸುತ್ತದೆ. ಆದ್ದರಿಂದ ಮೊದಲು ತಪಾಸಣೆ, ಆಮೇಲೆ ಸಿಬಿಟಿ. ಎದೆಯ ನಡುವೆ ಹಿಂಡಿದಂಥ ನೋವು, ಅದು ತೋಳಿಗೋ ದವಡೆಗೋ ಹರಡುವುದು, ಜೊತೆಗೆ ತಣ್ಣನೆಯ ಬೆವರು ಕಾಣಿಸಿಕೊಂಡರೆ ಯಾವ ಯೋಚನೆಯೂ ಬೇಡ, ನೇರ ಆಸ್ಪತ್ರೆಗೆ.

ಭಯದ ಸುತ್ತು

● ಆರೋಗ್ಯದ ಆತಂಕವನ್ನು ಅರ್ಥ ಮಾಡಿಕೊಳ್ಳುವುದರಲ್ಲಿ 1986 ದೊಡ್ಡ ವರ್ಷ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ದಿಢೀರ್ ಗಾಬರಿಯ ಬಗ್ಗೆ, ಪಾಲ್ ಸಾಲ್ಕೊವ್ಸ್ಕಿಸ್ ಮತ್ತು ಹಿಲರಿ ವಾರ್ವಿಕ್ ಆರೋಗ್ಯದ ಆತಂಕದ ಬಗ್ಗೆ ಅದೇ ವರ್ಷ ಬರೆದರು. ತಿರುಳು ಸರಳ. ದೇಹದಲ್ಲಿ ಏನೋ ಆಗುತ್ತದೆ, ಮನಸ್ಸು ಅದಕ್ಕೆ ಅತಿ ಕೆಟ್ಟ ಅರ್ಥ ಹಚ್ಚುತ್ತದೆ, ಭಯ ಹುಟ್ಟುತ್ತದೆ, ಭಯದಿಂದ ದೇಹದಲ್ಲಿ ಇನ್ನಷ್ಟು ಆಗುತ್ತದೆ.

● ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರೊಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಹಡಿ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ. ಆರನೆಯ ಮೆಟ್ಟಿಲಲ್ಲಿ ನಿಂತು ಕಂಬಿ ಹಿಡಿಯುತ್ತಾರೆ. ‘ಮತ್ತೆ ಅಟ್ಯಾಕ್ ಆಗ್ತಿದೆ’ ಎಂಬ ಯೋಚನೆ ಸುಳಿದದ್ದೇ ತಡ, ಎದೆ ಇನ್ನೂ ಜೋರಾಗಿ ಬಡಿಯುತ್ತದೆ. ಅವತ್ತೇ ಹಾಸಿಗೆ ಕೆಳಗಿನ ಕೋಣೆಗೆ ಇಳಿಯುತ್ತದೆ. ತಿಂಗಳುಗಟ್ಟಲೆ ಮೆಟ್ಟಿಲು ಹತ್ತದ ಕಾಲುಗಳು ಸೋಲುತ್ತವೆ. ಮುಂದೊಂದು ದಿನ ಹತ್ತಿದಾಗ ಏದುಸಿರು ಮೊದಲಿಗಿಂತ ಹೆಚ್ಚೇ ಬರುತ್ತದೆ. ‘ನಾನು ಹೇಳಲಿಲ್ಲವೇ?’ ಎನ್ನುತ್ತದೆ ಭಯ.

● ‘ನಂಗೇನೂ ಆಗಲ್ಲ ಅಲ್ವಾ?’ ಎಂದು ಮನೆಯವರನ್ನು ಮತ್ತೆ ಮತ್ತೆ ಕೇಳುವುದು, ಒಬ್ಬ ಡಾಕ್ಟರಿಂದ ಇನ್ನೊಬ್ಬರಿಗೆ ಹೋಗುವುದು ಸಮಾಧಾನಕ್ಕಾಗಿ. ಆ ಸಮಾಧಾನ ತುರಿಕೆಗೆ ಉಗುರು ಹಾಕಿದಂತೆ, ಕ್ಷಣಕಾಲ ಹಾಯೆನಿಸಿ ಆಮೇಲೆ ತುರಿಕೆಯನ್ನೇ ಕೆರಳಿಸುತ್ತದೆ. ಆತಂಕ ಬೇರೂರಲು ಇದೂ ಒಂದು ಮುಖ್ಯ ಕಾರಣವೆಂದು ಸಾಲ್ಕೊವ್ಸ್ಕಿಸ್ ಮತ್ತು ವಾರ್ವಿಕ್ ತೋರಿಸಿಕೊಟ್ಟರು.

● ಕುತ್ತಿಗೆಯ ಪುಟ್ಟ ಗಂಟನ್ನು ದಿನಕ್ಕೆ ಇಪ್ಪತ್ತು ಸಲ ಒತ್ತಿ ನೋಡಿದರೆ ಆ ಜಾಗ ನೋಯುತ್ತದೆ, ಊದಿಕೊಂಡಂತೆಯೂ ಆಗುತ್ತದೆ. ಗಂಟಲು ಕಟ್ಟಿದೆಯೇ ಎಂದು ಪದೇ ಪದೇ ನುಂಗಿ ನೋಡಿದರೆ ನುಂಗುವುದೇ ಕಷ್ಟವಾಗುತ್ತದೆ. ಹೀಗೆ ಪರೀಕ್ಷೆ ಮಾಡಿಕೊಳ್ಳುವ ಕೈಯೇ ಲಕ್ಷಣ ಹುಟ್ಟಿಸಿಬಿಡುತ್ತದೆ.

● ತಲೆನೋವೆಂದು ಮೊಬೈಲಿನಲ್ಲಿ ಹುಡುಕಲು ಶುರುಮಾಡಿದವರು ಮಿದುಳಿನ ಗೆಡ್ಡೆಗೆ ಬಂದು ನಿಲ್ಲುವುದೇಕೆ? ಮೈಕ್ರೋಸಾಫ್ಟ್‌ನ ರೈಯನ್ ವೈಟ್ ಮತ್ತು ಎರಿಕ್ ಹಾರ್ವಿಟ್ಜ್ ಇದನ್ನು 2008ರಲ್ಲೇ ಅಧ್ಯಯನ ಮಾಡಿದರು. ಸಾಮಾನ್ಯ ಲಕ್ಷಣಕ್ಕೆ ಬಲು ಅಪರೂಪದ ಘೋರ ಕಾಯಿಲೆಗಳ ಪುಟಗಳೂ ಎದುರಾಗುತ್ತವೆ, ಒಂದರಿಂದ ಇನ್ನೊಂದಕ್ಕೆ ಹುಡುಕಾಟ ಏರುತ್ತ ಹೋಗುತ್ತದೆ. ಈ ಚಾಳಿಗೆ ‘ಸೈಬರ್‌ಕಾಂಡ್ರಿಯಾ’ ಎಂಬ ಹೆಸರೂ ಬಂದಿದೆ.

● ‘ಬರೀ ಭಯ ತಾನೇ, ಅದರಿಂದ ಯಾರೂ ಸಾಯಲ್ಲ’ ಎನ್ನುವವರು ಕೇಳಲೇಬೇಕಾದ ಸುದ್ದಿ ಸ್ವೀಡನ್ನಿನಿಂದ 2023ರಲ್ಲಿ ಬಂತು. ತೀವ್ರ ಆರೋಗ್ಯ ಆತಂಕವಿದೆ ಎಂದು ವೈದ್ಯರು ಗುರುತಿಸಿದ್ದ 4,129 ಮಂದಿಯ ದಾಖಲೆಗಳನ್ನು ಹತ್ತು ಪಟ್ಟು ಇತರರ ದಾಖಲೆಗಳ ಜೊತೆ ಹೋಲಿಸಿದಾಗ, ಆತಂಕವುಳ್ಳವರು ಬೇಗ ತೀರಿಕೊಂಡಿದ್ದರು. ಅವರಲ್ಲಿ ಆತ್ಮಹತ್ಯೆಯ ಅಪಾಯ ಸುಮಾರು ನಾಲ್ಕು ಪಟ್ಟಿತ್ತು. ನಕ್ಕು ಸಾಗಹಾಕುವ ವಿಷಯ ಇದಲ್ಲ.

ಹಳೆಯ ಪುಟಗಳು

● ‘ಹೈಪೊಕಾಂಡ್ರಿಯಾ’ ಎಂಬ ಗ್ರೀಕ್ ಮೂಲದ ಪದಕ್ಕೆ ‘ಪಕ್ಕೆಲುಬಿನ ಮೃದ್ವಸ್ಥಿಯ ಕೆಳಗೆ’ ಎಂದಷ್ಟೇ ಅರ್ಥ. ಚಿಂತೆಯ ಕಾಯಿಲೆ ಹುಟ್ಟುವುದು ಅಲ್ಲಿಯೇ ಎಂದು ಹಿಂದಿನವರು ನಂಬಿದ್ದರು. ಬರುಬರುತ್ತ ಅದು ಬೈಗುಳವಾಯಿತು. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಿಂದ ಆ ಹೆಸರನ್ನೇ ಕೈಬಿಟ್ಟಿತು.

● ಫ್ರೆಂಚ್ ನಾಟಕಕಾರ ಮೋಲಿಯೇರ್ ತನಗಿಲ್ಲದ ರೋಗ ಇದೆಯೆಂದು ನರಳುವವನ ಬಗ್ಗೆ ಪ್ರಹಸನ ಬರೆದು, ಆ ಪಾತ್ರವನ್ನು ತಾನೇ ಮಾಡಿದ. 1673ರ ಫೆಬ್ರುವರಿ 17ರಂದು, ನಾಲ್ಕನೆಯ ಪ್ರದರ್ಶನದಲ್ಲಿ ರಂಗದ ಮೇಲೆಯೇ ಅಸ್ವಸ್ಥನಾಗಿ ಅದೇ ರಾತ್ರಿ ತೀರಿಕೊಂಡ. ‘ಸುಳ್ಳು ರೋಗಿ’ಯ ವೇಷದೊಳಗೆ ಇದ್ದವನು ನಿಜವಾದ ರೋಗಿ.

● ಚಾರ್ಲ್ಸ್ ಡಾರ್ವಿನ್ 1849ರಿಂದ 1855ರವರೆಗೆ ತನ್ನ ಆರೋಗ್ಯದ ದಿನಚರಿಯನ್ನು ಬಿಡದೆ ಬರೆದಿಟ್ಟ. ಹೊಟ್ಟೆಯ ತೊಂದರೆ, ಸುಸ್ತು, ರಾತ್ರಿ ಹೇಗಿತ್ತು ಎಂಬ ಟಿಪ್ಪಣಿಗಳು. ಆತನ ಕಾಯಿಲೆ ಯಾವುದೆಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ. ದೇಹವೋ ಮನಸ್ಸೋ ಎಂದು ಗೆರೆ ಕೊಯ್ಯುವುದು ಅಷ್ಟು ಸುಲಭವಲ್ಲ.

● ಸಿಬಿಟಿಯ ಒಂದು ಬೇರು ಮೊಲದ ಗೂಡಿನಲ್ಲಿದೆ! ಮೊಲ ಕಂಡರೆ ಚೀರುತ್ತಿದ್ದ ಪೀಟರ್ ಎಂಬ ಮಗುವಿಗೆ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಇಷ್ಟದ ತಿಂಡಿ ಕೊಡುತ್ತ, ದಿನದಿನಕ್ಕೆ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಮಗು ಮೊಲವನ್ನು ಮುಟ್ಟಿ ಆಡಿತು. ಈ ಪ್ರಯೋಗ ಪ್ರಕಟವಾದದ್ದು 1924ರಲ್ಲಿ. ಭಯದತ್ತ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಇಂದಿನ ಕ್ರಮ ಅಲ್ಲಿಂದ ಬೆಳೆಯಿತು.

● ಇನ್ನೊಂದು ಬೇರು ಅಮೆರಿಕದ ಮನೋವೈದ್ಯ ಆರನ್ ಬೆಕ್. ಬಾಲ್ಯದಲ್ಲಿ ತೋಳು ಮುರಿದು, ಸೋಂಕು ರಕ್ತಕ್ಕೇರಿ ಸಾವಿನ ಅಂಚಿಗೆ ಹೋಗಿ ಬಂದವರು. ರಕ್ತ, ಗಾಯ ಕಂಡರೆ ಕಣ್ಣು ಕತ್ತಲಿಡುವ ಭಯ ಆಮೇಲೆ ಅವರನ್ನು ಬಹುಕಾಲ ಕಾಡಿತು. ಅದನ್ನು ತಾವಾಗಿಯೇ ಗೆದ್ದು ವೈದ್ಯರಾದರು. ರೋಗಿಗಳ ಮನಸ್ಸಿನಲ್ಲಿ ತಾನಾಗಿ ಮಿಂಚಿ ಮಾಯವಾಗುವ ಯೋಚನೆಗಳೇ ದುಃಖಕ್ಕೂ ಭಯಕ್ಕೂ ಎಣ್ಣೆ ಎರೆಯುತ್ತವೆಂದು 1960ರ ದಶಕದಲ್ಲಿ ಗುರುತಿಸಿದರು. 1921ರಲ್ಲಿ ಹುಟ್ಟಿದ ಅವರು 2021ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು.

ಚಿಕಿತ್ಸೆಯ ಕೋಣೆಯೊಳಗೆ

● ಮೈತುಂಬ ಕಾಯಿಲೆಯಿರುವವರ ಆತಂಕವನ್ನು ಅಳೆಯುವುದು ಹೇಗೆ? ಸುಸ್ತು, ನಿದ್ದೆಗೇಡು ಕಾಯಿಲೆಯಿಂದಲೂ ಬಂದಿರಬಹುದಲ್ಲ! ಇದಕ್ಕಾಗಿಯೇ ಜಿಗ್ಮಂಡ್ ಮತ್ತು ಸ್ನೇತ್ ಎಂಬ ಬ್ರಿಟಿಷ್ ವೈದ್ಯರು 1983ರಲ್ಲಿ 14 ಪ್ರಶ್ನೆಗಳ ಪಟ್ಟಿ ಮಾಡಿದರು. ಏಳು ಆತಂಕಕ್ಕೆ, ಏಳು ಖಿನ್ನತೆಗೆ. ದೇಹದ ಕಾಯಿಲೆಯೊಂದಿಗೆ ಬೆರೆತುಹೋಗುವ ಲಕ್ಷಣಗಳನ್ನು ಬೇಕೆಂದೇ ದೂರವಿಟ್ಟರು.

● ಸಿಬಿಟಿಯಲ್ಲಿ ಹೋಮ್‌ವರ್ಕ್ ಉಂಟು. ಒಂದು ನೋಟ್‌ಪುಸ್ತಕ, ಅದರಲ್ಲಿ ಕೆಲವು ಕಂಬಸಾಲು. ‘ಏನಾಯಿತು?’ – ಸಂಜೆ ಎದೆ ಚುಚ್ಚಿತು. ‘ಏನನ್ನಿಸಿತು?’ – ಸ್ಟೆಂಟ್ ಮುಚ್ಚಿಹೋಯಿತು. ‘ಭಯ ಎಷ್ಟು?’ – ನೂರಕ್ಕೆ 90. ‘ಬೇರೆ ಏನಿರಬಹುದು?’ – ಬೆಳಿಗ್ಗೆ ಸಿಲಿಂಡರ್ ಎತ್ತಿಟ್ಟಿದ್ದೆ, ಒತ್ತಿದರೆ ಅಲ್ಲೇ ನೋಯುತ್ತದೆ. ‘ಈಗ ಭಯ ಎಷ್ಟು?’ – 50. ಸೊನ್ನೆಗೆ ಇಳಿಯಬೇಕೆಂದಿಲ್ಲ. ತೊಂಬತ್ತು ಐವತ್ತಾದ ದಿನ ಮನುಷ್ಯ ಅನ್ನ ಉಣ್ಣುತ್ತಾನೆ, ನಿದ್ದೆ ಮಾಡುತ್ತಾನೆ.

● ಯೋಚನೆಯನ್ನು ವಾದ ಮಾಡಿ ಸೋಲಿಸುವುದಷ್ಟೇ ಸಾಲದು, ಪ್ರಯೋಗ ಮಾಡಿ ನೋಡಬೇಕು. ನಿಂತಲ್ಲೇ ಜಾಗಿಂಗ್, ತಿರುಗುವ ಕುರ್ಚಿಯಲ್ಲಿ ಸುತ್ತುವುದು, ಸ್ಟ್ರಾದಲ್ಲಿ ಉಸಿರಾಡುವುದು ಹೀಗೆ ಹೆದರಿಸುವ ಅನುಭವವನ್ನು ಚಿಕಿತ್ಸಕರ ಎದುರಲ್ಲೇ ಬರಮಾಡಿಕೊಳ್ಳುತ್ತಾರೆ. ಎದೆ ಬಡಿಯುತ್ತದೆ, ಕೆಲ ನಿಮಿಷಗಳಲ್ಲಿ ತಾನೇ ಇಳಿಯುತ್ತದೆ. ಹೃದಯ, ಶ್ವಾಸಕೋಶದ ತೊಂದರೆ ಇರುವವರಿಗೆ ಆಯಾ ವೈದ್ಯರ ಒಪ್ಪಿಗೆ ಇದ್ದರೆ ಮಾತ್ರ ಈ ಪ್ರಯೋಗ.

● ಚಿಂತೆಗೆ ಹೊತ್ತು ಗೊತ್ತು ಮಾಡುವುದೂ ಒಂದು ಉಪಾಯ. ಸಂಜೆ ಆರರಿಂದ ಆರೂವರೆಯವರೆಗೆ ಚಿಂತೆಗೆಂದೇ ಮೀಸಲು. ಮಧ್ಯಾಹ್ನ ಬಂದ ಚಿಂತೆಯನ್ನು ಚೀಟಿಯಲ್ಲಿ ಬರೆದು ಪಕ್ಕಕ್ಕಿಡಬೇಕು. ಸಂಜೆ ಚೀಟಿ ತೆಗೆದು ಓದುವಾಗ ಅರ್ಧಕ್ಕರ್ಧ ಚಿಂತೆಗಳು ಹಳಸಿರುತ್ತವೆ.

● ಬಹುತೇಕ ಭಯಗಳಲ್ಲಿ ಬಿಪಿ ಏರುತ್ತದೆ. ಸೂಜಿ, ರಕ್ತದ ಭಯದಲ್ಲಿ ಏರಿ ಥಟ್ಟನೆ ಕುಸಿಯುತ್ತದೆ, ಅದಕ್ಕೇ ಮೂರ್ಛೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಯೋರಾನ್ ಓಸ್ಟ್ ಇದಕ್ಕೆ ಕಲಿಸಿದ ಉಪಾಯ ಸೊಗಸಾಗಿದೆ. ತೋಳು, ಕಾಲು, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿಹಿಡಿದು ಬಿಡುವುದು, ಮತ್ತೆ ಬಿಗಿಹಿಡಿಯುವುದು. ಬಿಪಿ ಕುಸಿಯದಂತೆ ಅದು ತಡೆಯುತ್ತದೆ. ಪದೇ ಪದೇ ರಕ್ತ ಪರೀಕ್ಷೆ ಮಾಡಿಸಲೇಬೇಕಾದವರಿಗೆ ಇದೊಂದು ವರ.

● ಇದು ವರ್ಷಗಟ್ಟಲೆ ನಡೆಯುವ ಚಿಕಿತ್ಸೆಯಲ್ಲ. ಸಾಮಾನ್ಯವಾಗಿ ವಾರಕ್ಕೊಂದು ಭೇಟಿಯಂತೆ ಐದರಿಂದ ಇಪ್ಪತ್ತು ಭೇಟಿಗಳು. ಕೆಲವರಿಗೆ ಮನೋವೈದ್ಯರು ಮಾತ್ರೆಯನ್ನೂ ಜೊತೆಗೆ ಕೊಡುತ್ತಾರೆ. ಎರಡಕ್ಕೂ ಜಗಳವಿಲ್ಲ.

ಒರೆಗೆ ಹಚ್ಚಿದಾಗ

● ಇಂಗ್ಲೆಂಡಿನ ಆಸ್ಪತ್ರೆಗಳ ಹೃದಯ, ಶ್ವಾಸಕೋಶ, ಜಠರ, ನರ ಮತ್ತು ಹಾರ್ಮೋನ್ ವಿಭಾಗಗಳಲ್ಲಿ 28,991 ಮಂದಿಯನ್ನು ಪರಿಶೀಲಿಸಿ, ತೀವ್ರ ಆರೋಗ್ಯ ಆತಂಕವಿದ್ದ 444 ಮಂದಿಯನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ಅರ್ಧ ಮಂದಿಗೆ 5ರಿಂದ 10 ಭೇಟಿಗಳ ಸಿಬಿಟಿ. ಒಂದು ವರ್ಷದ ಬಳಿಕ ಭಯ ಸಹಜ ಮಟ್ಟಕ್ಕೆ ಇಳಿದವರು ಆ ಗುಂಪಿನಲ್ಲಿ ಇನ್ನೊಂದು ಗುಂಪಿನ ಸುಮಾರು ಎರಡು ಪಟ್ಟು ಇದ್ದರು. ಪೀಟರ್ ಟೈರರ್ ನೇತೃತ್ವದ ಈ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ನಂತರ ನೋಡಿದಾಗಲೂ ಲಾಭ ಉಳಿದಿತ್ತು.

● ಆ ಅಧ್ಯಯನದಲ್ಲಿ ಎಲ್ಲರಿಗಿಂತ ಒಳ್ಳೆಯ ಫಲ ತಂದುಕೊಟ್ಟವರು ಯಾರು ಗೊತ್ತೇ? ಸಿಬಿಟಿಯಲ್ಲಿ ತರಬೇತಿ ಪಡೆದ ನರ್ಸ್‌ಗಳು! ದಾದಿಯರ ಕೈಗುಣ ಎನ್ನಿ, ರೋಗಿಯ ಜೊತೆಗಿನ ಸಲುಗೆ ಎನ್ನಿ, ದೊಡ್ಡ ಡಾಕ್ಟರೇ ಬೇಕೆಂಬ ಹಟಕ್ಕೆ ಉತ್ತರ ಸಿಕ್ಕಿತು.

● ಸ್ವೀಡನ್ನಿನ ಉಪ್ಸಾಲಾದಲ್ಲಿ ಹೃದ್ರೋಗಿಗಳು ಒಂದು ವರ್ಷದಲ್ಲಿ 20 ಸಲ ಗುಂಪಾಗಿ ಕೂತು ಒತ್ತಡ ನಿಭಾಯಿಸುವ ಸಿಬಿಟಿ ಕಲಿತರು. ಒಟ್ಟು 362 ಮಂದಿಯ ಈ ಅಧ್ಯಯನ 2011ರಲ್ಲಿ ಹೊರಬಂತು. ಕಲಿತವರಲ್ಲಿ ಮತ್ತೆ ಹೃದಯಾಘಾತವಾಗುವ ಪ್ರಮಾಣ ಶೇ 45ರಷ್ಟು ಕಡಿಮೆಯಿತ್ತು.

● ಹಾಗೆಂದು ಸಿಬಿಟಿ ಆಯುಷ್ಯ ಬೆಳೆಸುತ್ತದೆಂದು ಸಾರಬೇಡಿ. ಹೃದಯಾಘಾತವಾದ 2,481 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ (2003) ಖಿನ್ನತೆ ಕಡಿಮೆಯಾಯಿತು, ಸಾವು ಮತ್ತು ಮರು ಆಘಾತ ಕಡಿಮೆಯಾಗಲಿಲ್ಲ. ಬದುಕಿರುವಷ್ಟು ದಿನ ಹೆದರದೆ ಬದುಕುವುದೂ ಸಣ್ಣ ಲಾಭವಲ್ಲ.

● ಕೊಲೆಸ್ಟ್ರಾಲ್ ಮಾತ್ರೆಯ ಅಡ್ಡ ಪರಿಣಾಮ ತಾಳಲಾರದೆ ಬಿಟ್ಟಿದ್ದ 60 ಮಂದಿಗೆ ಲಂಡನ್ನಿನ ಸಂಶೋಧಕರು ತಿಂಗಳಿಗೊಂದರಂತೆ 12 ಬಾಟಲಿ ಕೊಟ್ಟರು. ನಾಲ್ಕರಲ್ಲಿ ನಿಜ ಮಾತ್ರೆ, ನಾಲ್ಕರಲ್ಲಿ ಔಷಧವಿಲ್ಲದ ಮಾತ್ರೆ, ನಾಲ್ಕು ಖಾಲಿ. ನಿಜ ಮಾತ್ರೆಯಿಂದ ಆದ ತೊಂದರೆಯ ಶೇ 90ರಷ್ಟು ಔಷಧವಿಲ್ಲದ ಮಾತ್ರೆಯಿಂದಲೂ ಆಯಿತು! ತಮ್ಮದೇ ಫಲಿತಾಂಶ ಕಂಡ ಮೇಲೆ ಅರ್ಧದಷ್ಟು ಮಂದಿ ಮತ್ತೆ ಮಾತ್ರೆ ಶುರುಮಾಡಿದರು. ಅವರ ನೋವು ನಿಜ, ಕಾರಣ ಮಾತ್ರ ಬೇರೆ. 2020ರಲ್ಲಿ ಪ್ರಕಟವಾದ ಈ ಅಧ್ಯಯನ ಸಿಬಿಟಿಯ ತಿರುಳನ್ನೇ ಹೇಳುತ್ತದೆ.

● ಔಷಧಕ್ಕೂ ಬಗ್ಗದ, ಐಬಿಎಸ್ ಎಂಬ ಹೊಟ್ಟೆಯ ತೊಂದರೆ ಇದ್ದ 558 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ಅಧ್ಯಯನ ನಡೆಯಿತು. ಫೋನಿನಲ್ಲಿ, ಇಂಟರ್‌ನೆಟ್ಟಿನಲ್ಲಿ ಕೊಟ್ಟ ಸಿಬಿಟಿ ಕೂಡ ಹೊಟ್ಟೆಯ ಲಕ್ಷಣಗಳನ್ನು ತಗ್ಗಿಸಿತು.

● ಆರೋಗ್ಯದ ಆತಂಕವಿದ್ದ 204 ಮಂದಿಯಲ್ಲಿ ಎದುರಿಗೆ ಕೂತು ಮಾಡುವ ಸಿಬಿಟಿಯನ್ನೂ ಇಂಟರ್‌ನೆಟ್ ಸಿಬಿಟಿಯನ್ನೂ ಸ್ವೀಡನ್ನಿನಲ್ಲಿ ಹೋಲಿಸಿ ನೋಡಿದರು. ಇಂಟರ್‌ನೆಟ್ಟಿನದು ಹಿಂದೆ ಬೀಳಲಿಲ್ಲ. ಚಿಕಿತ್ಸಕರಿಲ್ಲದ ಊರಿನವರಿಗೆ ಇದು ಭರವಸೆಯ ಮಾತು.

● ನಿದ್ದೆ ಬಾರದವರಿಗೆ ಮೊದಲು ಕೊಡಬೇಕಾದದ್ದು ಗುಳಿಗೆಯಲ್ಲ, ನಿದ್ದೆಗೆಂದೇ ರೂಪಿಸಿದ ಸಿಬಿಟಿ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಸಲಹೆ ಕೊಟ್ಟಿತು.

ನಮ್ಮ ನಾಡಿನಲ್ಲಿ

● 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಕರ್ನಾಟಕದ ಎದೆಯೇ ಧಸಕ್ಕೆಂದಿತು. ಮುಂದಿನ ದಿನಗಳಲ್ಲಿ ಹೃದಯ ತಪಾಸಣೆಗೆ ಆಸ್ಪತ್ರೆಗಳಲ್ಲಿ ಸಾಲು ಬೆಳೆಯಿತು. 2025ರ ಜೂನ್–ಜುಲೈನಲ್ಲಿ ಹಾಸನದಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗಲೂ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಕಿಕ್ಕಿರಿದರು. ಗಾಬರಿ ಬೇಡವೆಂದು ವೈದ್ಯರೇ ಮನವಿ ಮಾಡಬೇಕಾಯಿತು. ತಪಾಸಣೆ ಒಳ್ಳೆಯದೇ. ತಪಾಸಣೆ ಮುಗಿದ ಮೇಲೂ ಉಳಿಯುವ ಭಯಕ್ಕೆ ಮದ್ದು ಬೇರೆ ಬೇಕು.

● ಬೆಂಗಳೂರಿನ ನಿಮ್ಹಾನ್ಸ್ ಈಗಿನ ಹೆಸರಿನಲ್ಲಿ ರೂಪುಗೊಂಡದ್ದು 1974ರ ಡಿಸೆಂಬರ್ 27ರಂದು. ದೇಶದ ಮನಶ್ಶಾಸ್ತ್ರಜ್ಞರಿಗೆ ತರಬೇತಿ ಕೊಡುವ ಮುಖ್ಯ ಕೇಂದ್ರಗಳಲ್ಲಿ ಅದೂ ಒಂದು. ಅದು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಹೇಳಿದಂತೆ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಆಗ ಚಿಕಿತ್ಸೆಯೇ ಸಿಗುತ್ತಿರಲಿಲ್ಲ.

● ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾಯಿತು. ಅದಕ್ಕೆ ಮಾದರಿ ನಮ್ಮ ಬಳ್ಳಾರಿ! ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ತೋರಿಸಿಕೊಟ್ಟಿತು.

● ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಆರಂಭವಾದದ್ದು 2022ರ ಅಕ್ಟೋಬರ್ 10ರಂದು. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿಯೆನ್ನದೆ ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಸಮೀಪದಲ್ಲಿ ಯಾರನ್ನು ಕಾಣಬೇಕೆಂದೂ ಅಲ್ಲಿ ಕೇಳಬಹುದು.

● ದೇಹದ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ನಿಮ್ಮ ಪಾಲಿಸಿಯಲ್ಲಿ ಹೊರರೋಗಿ ಚಿಕಿತ್ಸೆಯೂ ಸೇರಿದೆಯೇ ಎಂದು ಓದಿ ನೋಡಿ.

ಮನೆಯವರಿಗೊಂದು ಮಾತು

● ‘ನಿಂಗೆ ಏನೂ ಇಲ್ಲ’ ಎನ್ನುವ ಮಾತು ಹೆದರಿದವರ ಕಿವಿಗೆ ‘ನೀನು ಸುಳ್ಳು ಹೇಳ್ತಿದ್ದೀಯ’ ಎಂದು ಕೇಳಿಸುತ್ತದೆ. ‘ಅಯ್ಯೋ, ಮೆಟ್ಟಿಲು ಹತ್ತಬೇಡಿ’ ಎಂದು ತಡೆಯುವ ಪ್ರೀತಿಯೂ ಭಯದ ಕಡೆಗೇ ವಾಲುತ್ತದೆ. ಇವೆರಡರ ನಡುವೆ ಒಂದು ದಾರಿ ಇದೆ. ಆರನೆಯ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತವರನ್ನು ನೆನಪಿಸಿಕೊಳ್ಳಿ. ಹೃದಯದ ಡಾಕ್ಟರು ಮೆಟ್ಟಿಲು ಹತ್ತಬಹುದೆಂದು ಒಪ್ಪಿಗೆ ಕೊಟ್ಟಿದ್ದಾರೆ. ಇವತ್ತು ಏಳನೆಯ ಮೆಟ್ಟಿಲು, ನಾಳೆ ಎಂಟು ಎಂದು ನೋಟ್‌ಪುಸ್ತಕದಲ್ಲಿ ಬರೆದಿದೆ. ಹೆಂಡತಿ ಪಕ್ಕದಲ್ಲಿ ಬಂದು ನಿಂತು ಹೇಳಬೇಕಾದದ್ದು ಇಷ್ಟೇ: ‘ರೀ, ಹೆದರಿಕೆ ಆಗ್ತಿದೆ ಅಂತ ನಂಗೊತ್ತು. ಬನ್ನಿ, ಇನ್ನೊಂದು ಮೆಟ್ಟಿಲು ಹತ್ತೋಣ.’